ಒರೆಗಲ್ಲಾದ ಸೂಜಿಗಲ್ಲು

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿ ತಾಲ್ಲೂಕುಗಳನ್ನು ಹಾದು, ಗಡಿಯಾಚೆ ಉತ್ತರ ಪಿನಾಕಿನಿಯನ್ನು ಕೂಡಿಕೊಳ್ಳುವ ಜಯಮಂಗಲಿಯು ವರ್ಷದ ಬಹುಪಾಲು ನೀರಿನ ಹೊಳೆಯಲ್ಲ, ಮರಳಿನ ಹೊಳೆ. ಕೊಡಿಗೇನಹಳ್ಳಿಯ ಆಸುಪಾಸಿನಲ್ಲಿ ಹುಡುಗನೊಬ್ಬನು, ಕೆಟ್ಟುಹೋದ ರೇಡಿಯೋದ ಧ್ವನಿಪೆಟ್ಟಿಗೆಯಿಂದ ಕಿತ್ತ ಸೂಜಿಗಲ್ಲಿನ ಬಿಲ್ಲೆಗೆ ದಾರ ಕಟ್ಟಿ ಆ ಮರಳಿನ ಮೇಲೆ ಎಳೆದುಕೊಂಡು ಹೋದರೆ, ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಬಿಲ್ಲೆಗೆ ಕರಿಯ ಗಡ್ಡವೊಂದು ಬೆಳೆದಿರುತ್ತದೆ. ಕೈಯಿಂದ ಒರಸಿದರೂ ಬಿಡದು. ಒಂದು ಮಗ್ಗುಲಿಂದ ಓಡಿಸಿದರೆ ಇನ್ನೊಂದು ಮಗ್ಗುಲಲ್ಲಿ ನಿಮಿರಿ ನಿಲ್ಲುತ್ತದೆ. ಕರ್ನಾಟಕದ ಒಳನಾಡಿನಲ್ಲಿ ಬಾಲ್ಯವನ್ನು ಕಳೆದವರಲ್ಲಿ ಈ ಆಟವನ್ನು ಆಡದವರು ವಿರಳ.

ಆ ಕರಿಯ ಕಣಗಳು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ಕಣಶಿಲೆಯ ಬೆಟ್ಟಗಳು ಸಹಸ್ರಾರು ವರ್ಷ ಮಳೆಗೆ ಸವೆದು ಮರಳಾದಾಗ ಅದರೊಡನೆ ಉದುರಿ ಬಂದವು. ಹುಡುಗನಿಗೆ ಅದು ಆಟಿಗೆ. ಆದರೆ ಅದನ್ನು ಪ್ರಯೋಗಶಾಲೆಗೆ ಒಯ್ದು ತಣ್ಣಗಾಗಿಸುತ್ತಾ ಹೋದರೆ ವಿಚಿತ್ರವೊಂದು ಘಟಿಸುತ್ತದೆ. ಸೊನ್ನೆಗಿಂತ ಸುಮಾರು 150 ಡಿಗ್ರಿ ಕೆಳಗೆ, ಅಲ್ಲಿಯವರೆಗೆ ಸುಮಾರಾಗಿ ವಿದ್ಯುತ್ತನ್ನು ಹರಿಯಗೊಡುತ್ತಿದ್ದ ಕಣವು ಥಟ್ಟನೆ ಮುಷ್ಕರ ಹೂಡಿದಂತೆ ಅದನ್ನು ತಡೆದುಬಿಡುತ್ತದೆ. ಅದರ ರೋಧವು ನೂರು ಪಟ್ಟು ಏರುತ್ತದೆ. ಡಚ್ ವಿಜ್ಞಾನಿ ಫರ್ವೇ ಇದನ್ನು 1939ರಲ್ಲಿ ವರ್ಣಿಸಿದನು. ಕಣದೊಳಗಿನ ಎಲೆಕ್ಟ್ರಾನುಗಳು ಅಷ್ಟು ಹಠಾತ್ತಾಗಿ ಏನು ಮಾಡುತ್ತವೆ ಎಂಬ ಬಗ್ಗೆ ಎಂಬತ್ತು ವರ್ಷಗಳ ತರುವಾಯವೂ ಪಂಡಿತರ ವಾದ ಪೂರ್ತಿ ಮುಗಿದಿಲ್ಲ.

ಇಂಥ ವಸ್ತುಗಳಿಗೆ ಈಗಿನ ಭೌತವಿಜ್ಞಾನದಲ್ಲಿ ‘ಕ್ವಾಂಟಮ್ ದ್ರವ್ಯ’ಗಳೆಂದು ಹೆಸರು. ನಿಜಕ್ಕೂ ನೋಡಿದರೆ ಎಲ್ಲ ವಸ್ತುಗಳೂ ಕ್ವಾಂಟಮ್ ನಿಯಮಗಳಿಗೆ ಒಳಪಟ್ಟವೇ. ಸೂಜಿಗಲ್ಲಿನ ಸೆಳೆತವೇ ಹಳೆಯ ಭೌತಶಾಸ್ತ್ರಕ್ಕೆ ನಿಲುಕದ್ದು. ನೀಲ್ಸ್ ಬೋರ್ ಮಹಾಶಯನು 1911ರಲ್ಲಿ ತನ್ನ ಪ್ರಬಂಧದಲ್ಲಿಯೂ, ಹೆಂಡ್ರಿಕಾ ಫಾನ್ ಲೇಯುವನ್ ಎಂಬ ವಿದುಷಿಯು 1919ರಲ್ಲಿಯೂ ಬೇರೆ ಬೇರೆಯಾಗಿ ಗಣಿಸಿ ತೋರಿಸಿದುದೇನೆಂದರೆ, ನ್ಯೂಟನ್ನನ ಕಾಲದ ನಿಯಮಗಳೇ ಪರಮಾಣುವಿನೊಳಗೂ ನಡೆಯುವುದಾದರೆ ಜಗತ್ತಿನಲ್ಲಿ ಸೂಜಿಗಲ್ಲೆಂಬುದೇ ಇರಕೂಡದು! ಆದರೂ ‘ಕ್ವಾಂಟಮ್ ದ್ರವ್ಯ’ ಎಂಬ ಪಟ್ಟವನ್ನು ಕಟ್ಟುವುದು ಎಲೆಕ್ಟ್ರಾನುಗಳು ಒಂಟಿಯಾಗಿ ವರ್ತಿಸದೆ, ಜಾತ್ರೆಯ ಜನದಂತೆ ಒಂದು ಇನ್ನೊಂದನ್ನು ನೋಡಿ ಒಟ್ಟಾಗಿ ಕುಣಿಯುವ ವಸ್ತುಗಳಿಗೆ. ಆ ಕುಣಿತವನ್ನು ಕಣ್ಣಿನಿಂದ ಕಾಣುವಂತಿಲ್ಲ. ಸೂಕ್ಷ್ಮದರ್ಶಕವೂ ಅದನ್ನು ಸುಲಭವಾಗಿ ತೋರದು. ಅದನ್ನು ಪ್ರಶ್ನೆ ಕೇಳಿಯೇ ತಿಳಿಯಬೇಕು. ವಿಜ್ಞಾನಿಯ ಕೈಯಲ್ಲಿರುವ ಪ್ರಶ್ನೆಗಳಲ್ಲಿ ಅತ್ಯಂತ ಕಠಿಣವಾದುದು, ಮತ್ತು ಅತ್ಯಂತ ಪ್ರಾಮಾಣಿಕವಾದ ಉತ್ತರವನ್ನು ಹೊರಡಿಸುವಂಥದು, ಬಲವಾದ ಕಾಂತಕ್ಷೇತ್ರ. ಎಲೆಕ್ಟ್ರಾನೆಂಬುದು ವಿದ್ಯುತ್ಕಣವೂ ಹೌದು, ತಾನೇ ಒಂದು ಪುಟ್ಟ ಸೂಜಿಗಲ್ಲೂ ಹೌದು. ಆದುದರಿಂದ ಹೊರಗಿನ ಕಾಂತಕ್ಷೇತ್ರದ ಮಾತಿಗೆ ಅದು ಕಿವುಡಾಗಿ ಕೂಡಲಾರದು.

ಬಲವಾದುದು ಎಂದರೆ ಎಷ್ಟು? ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಭೂಮಿಯ ಕಾಂತಕ್ಷೇತ್ರವು ನಮ್ಮ ಸೀಮೆಯಲ್ಲಿ ಒಂದು ಟೆಸ್ಲಾದ ಒಂದು ಲಕ್ಷದಲ್ಲಿ ನಾಲ್ಕು ಭಾಗದಷ್ಟು. ರೋಗಿಯನ್ನು ಸುರಂಗದಂಥ ಯಂತ್ರದೊಳಗೆ ಮಲಗಿಸಿ ಮಿದುಳು ಬೆನ್ನುಮೂಳೆಗಳ ಚಿತ್ರ ತೆಗೆಯುವ ಎಂ.ಆರ್.ಐ. ಯಂತ್ರದಲ್ಲಿ ಸಾಧಾರಣವಾಗಿ ಒಂದೂವರೆ ಟೆಸ್ಲಾ, ದೊಡ್ಡ ಆಸ್ಪತ್ರೆಗಳಲ್ಲಿ ಮೂರು. ದ್ರವ್ಯಗಳ ಗುಟ್ಟನ್ನು ಕೆದಕುವ ಪ್ರಯೋಗಶಾಲೆಗಳಲ್ಲಿ ಹತ್ತು ಹದಿನೈದು ಟೆಸ್ಲಾ ದಿನನಿತ್ಯದ ಸಂಗತಿ. ಅದರಾಚೆಗೆ ನಲವತ್ತು, ಅರುವತ್ತು, ನೂರು ಟೆಸ್ಲಾದವರೆಗೆ ಏರುವ ಸ್ಥಳಗಳು ಲೋಕದಲ್ಲಿ ಬೆರಳೆಣಿಕೆಯಷ್ಟೇ ಉಂಟು. ಈ ಏಣಿಯ ನಡುವಿನ ಒಂದು ಮೆಟ್ಟಿಲಿನ ಮೇಲೆ ಕನ್ನಡನಾಡಿನ ಊರೊಂದರ ಹೆಸರನ್ನು ಹೊತ್ತ ವಿಜ್ಞಾನಿಯೊಬ್ಬನ ಗುರುತು ಉಳಿದಿದೆ. ಅವನ ಹೆಸರನ್ನು ನಮ್ಮಲ್ಲಿ ಕೇಳಿದವರು ಅತಿ ಕಡಮೆ.

ಕಥೆಯು ಹಾಲೆಂಡಿನ ಲೈಡನ್ ನಗರದಲ್ಲಿ ಮೊದಲಾಗುತ್ತದೆ. ಅಲ್ಲಿಯ ಪ್ರಾಧ್ಯಾಪಕ ಕಾಮರ್‌ಲಿಂಗ್ ಓನ್ನೆಸ್ 1911ರಲ್ಲಿ ಪಾದರಸವನ್ನು ದ್ರವ ಹೀಲಿಯಮ್ಮಿನಲ್ಲಿ ಅದ್ದಿ, ಪರಮಶೂನ್ಯಕ್ಕೆ ನಾಲ್ಕು ಡಿಗ್ರಿಯಷ್ಟು ಹತ್ತಿರಕ್ಕೆ ತಂದಾಗ, ಅದರ ವಿದ್ಯುತ್‌ರೋಧವು ಕುಗ್ಗಿದುದಷ್ಟೇ ಅಲ್ಲ, ಹೇಳಹೆಸರಿಲ್ಲದೆ ಮಾಯವಾಯಿತು. ಇದೇ ಅತಿವಾಹಕತೆ. ತಂತಿಯಲ್ಲಿ ಒಮ್ಮೆ ಹರಿಯಬಿಟ್ಟ ವಿದ್ಯುತ್ತು ತಡೆಯಿಲ್ಲದೆ ಸುತ್ತುತ್ತಲೇ ಇರುವುದಾದರೆ, ಅದರ ಸುರುಳಿಯಿಂದ ಬಿಡಿಕಾಸಿನ ವಿದ್ಯುತ್ ವೆಚ್ಚವಿಲ್ಲದೆ ಒಂದು ಲಕ್ಷ ಗಾಸಿನ, ಅಂದರೆ ಹತ್ತು ಟೆಸ್ಲಾದ, ಕಾಂತವನ್ನು ಕಟ್ಟಬಹುದಲ್ಲ ಎಂದು ಓನ್ನೆಸ್ ಕನಸು ಕಂಡನು. ಕನಸು ಬಹುಬೇಗ ಒಡೆಯಿತು. ಕ್ಷೇತ್ರವು ಕೆಲವೇ ನೂರು ಗಾಸಿಗೆ ಏರುತ್ತಲೂ ಅತಿವಾಹಕತೆ ಸತ್ತುಹೋಯಿತು. ತಾನೇ ಹುಟ್ಟಿಸಿದ ಕಾಂತಕ್ಷೇತ್ರವೇ ತನ್ನನ್ನು ಕೊಲ್ಲುವ ಈ ಭಸ್ಮಾಸುರ ನ್ಯಾಯದಿಂದ ಪಾರಾಗಲು ವಿಜ್ಞಾನಕ್ಕೆ ಸುಮಾರು ಐವತ್ತು ವರ್ಷ ಬೇಕಾಯಿತು.

1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕುನ್ಸ್‌ಲರ್ ಮತ್ತು ಸಂಗಡಿಗರು ನಯೋಬಿಯಮ್ ಹಾಗೂ ತವರ ಬೆರೆತ ಪೆಡಸು ಲೋಹವೊಂದನ್ನು 8.8 ಟೆಸ್ಲಾದ ಕ್ಷೇತ್ರದಲ್ಲಿಟ್ಟು ನೋಡಿದರು. ಅದು ಸಾಯಲಿಲ್ಲ, ಭಾರೀ ವಿದ್ಯುತ್ತನ್ನು ನಿರಾಯಾಸವಾಗಿ ಹೊತ್ತಿತು. ಅಲ್ಲಿಗೆ ಓನ್ನೆಸನ ಕನಸಿಗೆ ಮರುಜೀವ ಬಂದಿತು. ಎಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ: ಹೀಗೆ ಎಲ್ಲಿಯವರೆಗೆ? ಹೊಸ ಹೊಸ ಬೆರಕೆ ಲೋಹಗಳನ್ನು ಹುಡುಕುತ್ತಾ ಹೋದರೆ ಅತಿವಾಹಕವು ತಾಳಬಲ್ಲ ಕ್ಷೇತ್ರಕ್ಕೆ ಮಿತಿಯೇ ಇಲ್ಲವೆ?

ಮರುವರ್ಷ, 1962ರ ಸೆಪ್ಟೆಂಬರಿನಲ್ಲಿ, ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ ಎಂಬ ಹೊಸ ಪತ್ರಿಕೆಯ ಮೊಟ್ಟಮೊದಲ ಸಂಚಿಕೆ ಹೊರಬಿದ್ದಿತು. ಅದರ ಏಳನೆಯ ಪುಟದಲ್ಲಿ ಆರಂಭವಾಗುವ, ಎರಡು ಪುಟವನ್ನು ಮೀರದ ಸಣ್ಣ ಟಿಪ್ಪಣಿಯೊಂದು ಆ ಪ್ರಶ್ನೆಗೆ ಉತ್ತರ ಕೊಟ್ಟಿತು: ಮಿತಿ ಇದೆ, ಅದು ಇಷ್ಟು. ಬರೆದವನು ಪಿಟ್ಸ್‌ಬರ್ಗ್ ನಗರದ ವೆಸ್ಟಿಂಗ್‌ಹೌಸ್ ಸಂಶೋಧನಾಲಯದಲ್ಲಿದ್ದ ಬಿ. ಎಸ್. ಚಂದ್ರಶೇಖರ್. ಬಿಡಿಸಿ ಹೇಳುವುದಾದರೆ, ಬೆಳ್ಳೂರು ಶಿವರಾಮಯ್ಯ ಚಂದ್ರಶೇಖರ್. ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂಬ ಈ ಜೋಡಣೆಯನ್ನು ನೋಡಿದ ಹಳೆಯ ಮೈಸೂರಿನ ಯಾರಿಗೂ ಮೂಲವನ್ನು ವಿವರಿಸಬೇಕಾದುದಿಲ್ಲ.

ಇಲ್ಲಿ ವಾಚಕರಿಗೆ ಗೊಂದಲವಾಗುವ ಸಂಭವವುಂಟು. ನಕ್ಷತ್ರಗಳ ತೂಕಕ್ಕೆ ‘ಚಂದ್ರಶೇಖರ್ ಮಿತಿ’ಯನ್ನು ಗಣಿಸಿ 1983ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬೇರೆ. ಬೆಂಗಳೂರಿನ ರಾಮನ್ ಸಂಶೋಧನಾಲಯದಲ್ಲಿದ್ದು, 1977ರಲ್ಲಿ ತಟ್ಟೆಯಾಕಾರದ ಅಣುಗಳಿಂದಾದ ದ್ರವಸ್ಫಟಿಕಗಳನ್ನು ಕಂಡುಹಿಡಿದ ಶಿವರಾಮಕೃಷ್ಣ ಚಂದ್ರಶೇಖರ್ ಇನ್ನೂ ಬೇರೆ. ಒಬ್ಬರದು ಆಕಾಶದ ಮಿತಿ. ನಮ್ಮ ಬೆಳ್ಳೂರಿನವರದು ಕಾಂತದ ಮಿತಿ. ಭೌತವಿಜ್ಞಾನವು ಒಂದೇ ಹೆಸರಿನ ಇಬ್ಬರ ಹೆಸರಿನಲ್ಲಿ ಎರಡು ಎಲ್ಲೆಕಲ್ಲುಗಳನ್ನು ನೆಟ್ಟಿರುವುದು ಒಂದು ತಮಾಷೆಯೇ ಸರಿ.

ಆ ಮಿತಿಯ ತರ್ಕವನ್ನು ಕೋಲಾಟದ ದೃಷ್ಟಾಂತದಿಂದ ತಿಳಿಯಬಹುದು. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಎರಡೆರಡಾಗಿ ಜೋಡಿ ಕಟ್ಟುತ್ತವೆಂದು 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು ತೋರಿಸಿದ್ದರು. ಜೋಡಿಯಲ್ಲಿ ಒಂದರ ಸೂಜಿ ಉತ್ತರಕ್ಕೆ ಮುಖ ಮಾಡಿದರೆ ಇನ್ನೊಂದರದು ದಕ್ಷಿಣಕ್ಕೆ. ಕೋಲಾಟದವರು ಎದುರುಬದುರಾಗಿ ನಿಂತು ಕೋಲು ತಾಕಿಸುವಂತೆ. ಈಗ ಊರ ಪಟೇಲನು ಬಂದು ‘ಎಲ್ಲರೂ ಉತ್ತರಕ್ಕೆ ತಿರುಗಿರಿ’ ಎಂದು ಅಪ್ಪಣೆ ಮಾಡಿದನೆನ್ನೋಣ. ದನಿ ಮೆಲ್ಲಗಿದ್ದರೆ ಆಟಗಾರರು ಕೇಳಿಸಿಕೊಳ್ಳರು. ಜೋಡಿಯಾಗಿರುವ ಸುಖವೇ ಅವರಿಗೆ ಹೆಚ್ಚು. ಗದರಿಕೆ ಏರುತ್ತಾ ಹೋದಂತೆ, ಅಪ್ಪಣೆಯನ್ನು ಪಾಲಿಸುವುದರಿಂದ ದೊರೆಯುವ ಲಾಭವು ಜೋಡಿಯ ಸುಖಕ್ಕೆ ಸರಿದೂಗುವ ಒಂದು ಗಳಿಗೆ ಬರುತ್ತದೆ. ಆ ಗಳಿಗೆಯಲ್ಲಿ ಎಲ್ಲ ಜೋಡಿಗಳೂ ಒಟ್ಟಿಗೆ ಕೋಲು ಬಿಸಾಡಿ ಉತ್ತರಕ್ಕೆ ತಿರುಗಿಬಿಡುತ್ತವೆ. ಪಟೇಲನ ದನಿಯೇ ಕಾಂತಕ್ಷೇತ್ರ.

ಚಂದ್ರಶೇಖರ್ ಲೆಕ್ಕ ಹಾಕಿದುದು ಈ ಸರಿದೂಗುವ ಗಳಿಗೆಯನ್ನು. ಫಲಿತಾಂಶ ಎಷ್ಟು ಸರಳವೆಂದರೆ ಪ್ರೌಢಶಾಲೆಯ ಬಾಲಕನೂ ಮಾಡಬಲ್ಲ: ವಸ್ತುವು ಯಾವ ತಾಪಮಾನದಲ್ಲಿ ಅತಿವಾಹಕವಾಗುವುದೋ ಅದನ್ನು ಕೆಲ್ವಿನ್ ಅಳತೆಯಲ್ಲಿ ಬರೆದು 1.84ರಿಂದ ಗುಣಿಸಿದರೆ, ಅದು ತಾಳಬಲ್ಲ ಗರಿಷ್ಠ ಕ್ಷೇತ್ರವು ಟೆಸ್ಲಾಗಳಲ್ಲಿ ಸಿಕ್ಕುತ್ತದೆ. 18 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಆ ನಯೋಬಿಯಮ್–ತವರಕ್ಕೆ ಸುಮಾರು 33 ಟೆಸ್ಲಾ. ಕಾಂತಕ್ಷೇತ್ರವು ಜೋಡಿಗಳನ್ನು ಬೇರೊಂದು ಬಗೆಯಲ್ಲಿ, ಸುಳಿಗಳನ್ನೆಬ್ಬಿಸಿ ಕಂಗೆಡಿಸಿಯೂ ಮುರಿಯಬಲ್ಲುದಾದ್ದರಿಂದ ಹಲವು ವಸ್ತುಗಳು ಈ ಎಲ್ಲೆಯನ್ನು ಮುಟ್ಟುವ ಮೊದಲೇ ಸೋಲುತ್ತವೆ. ಆದರೆ ಎದುರುಬದುರು ಜೋಡಿಯುಳ್ಳ ಸಾಧಾರಣ ಅತಿವಾಹಕವು ಇದನ್ನು ದಾಟಕೂಡದು. ಅದೇ ತಿಂಗಳುಗಳಲ್ಲಿ ಬೆಲ್ ಪ್ರಯೋಗಶಾಲೆಯ ಕ್ಲಾಗ್‌ಸ್ಟನ್ ಎಂಬವನೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದು ಪ್ರಕಟಿಸಿದನು. ಆದುದರಿಂದ ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ‘ಚಂದ್ರಶೇಖರ್–ಕ್ಲಾಗ್‌ಸ್ಟನ್ ಮಿತಿ’ ಎಂದು ಹೆಸರು.

ಚಂದ್ರಶೇಖರ್ ಅಲ್ಲಿಗೇ ನಿಲ್ಲಲಿಲ್ಲ. ಅವರ ನಂತರದ ಕೆಲಸ ಲೋಹಗಳು ಕಾಂತಕ್ಷೇತ್ರದಲ್ಲಿ ಉದ್ದ ಬದಲಿಸುವ ಸೂಕ್ಷ್ಮದ ಮೇಲೆ. 1963ರಲ್ಲಿ ಅವರು ಗ್ರೀನ್ ಎಂಬ ಸಹೋದ್ಯೋಗಿಯೊಡನೆ ಬಿಸ್ಮತ್ ಲೋಹದ ಸ್ಫಟಿಕವನ್ನು ದ್ರವ ಹೀಲಿಯಮ್ಮಿನ ಚಳಿಯಲ್ಲಿಟ್ಟು ಕ್ಷೇತ್ರವನ್ನು ಏರಿಸುತ್ತಾ ಹೋದಾಗ, ಸ್ಫಟಿಕವು ಒಂದೇ ಸಮನೆ ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಉಸಿರಾಡುವಂತೆ ಹಿಗ್ಗುತ್ತಾ ಕುಗ್ಗುತ್ತಾ ಹೋಯಿತು. ಕಲ್ಲಿನಂಥ ಲೋಹದ ತುಂಡು ಉಸಿರಾಡುವುದೆಂದರೇನು?

ಇದಕ್ಕೆ ಉತ್ತರ ನಮ್ಮ ಊರ ಕಲ್ಯಾಣಿಯ ಮೆಟ್ಟಿಲುಗಳಲ್ಲಿದೆ. ಕಾಂತಕ್ಷೇತ್ರದಲ್ಲಿ ಸಿಕ್ಕ ಎಲೆಕ್ಟ್ರಾನು ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಆದರೆ ಕ್ವಾಂಟಮ್ ನಿಯಮದ ಪ್ರಕಾರ ಮನಬಂದ ಸುತ್ತಿಗೆ ಅವಕಾಶವಿಲ್ಲ. ಅನುಮತಿಯಿರುವ ಶಕ್ತಿಗಳು ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಇವೆ. ರಷ್ಯದ ಲಾಂಡೌ 1930ರಲ್ಲಿ ಇದನ್ನು ತೋರಿಸಿದನು. ಲೋಹದೊಳಗೆ ಎಲೆಕ್ಟ್ರಾನುಗಳು ಒಂದು ಮಟ್ಟದವರೆಗೆ ನೀರಿನಂತೆ ತುಂಬಿರುತ್ತವೆ. ಕ್ಷೇತ್ರವನ್ನು ಏರಿಸಿದರೆ ಮೆಟ್ಟಿಲುಗಳ ಎತ್ತರ ಬೆಳೆಯುತ್ತದೆ. ನೀರಿನ ಮಟ್ಟ ಹೆಚ್ಚುಕಡಮೆ ಇದ್ದಲ್ಲೇ ಇರುತ್ತದೆ. ಹೀಗಾಗಿ ಮುಳುಗಿದ್ದ ಮೆಟ್ಟಿಲುಗಳು ಒಂದೊಂದಾಗಿ ನೀರಿನಿಂದ ಮೇಲೇಳುತ್ತವೆ. ಒಂದು ಮೆಟ್ಟಿಲು ಮೇಲೆದ್ದಾಗಲೆಲ್ಲ ಲೋಹದ ಗುಣಗಳೆಲ್ಲವೂ ಒಮ್ಮೆ ಅದುರುತ್ತವೆ. ಅದೇ 1930ರಲ್ಲಿ ಲೈಡನ್ನಿನ ಡಿ ಹಾಸ್ ಮತ್ತು ಫಾನ್ ಆಲ್ಫೆನ್ ಬಿಸ್ಮತ್ತಿನ ಕಾಂತಗುಣದಲ್ಲಿ ಈ ಅದುರನ್ನು ಕಂಡಿದ್ದರು. ಗ್ರೀನ್ ಮತ್ತು ಚಂದ್ರಶೇಖರ್ ಅದರ ಉದ್ದದಲ್ಲಿಯೇ ಕಂಡರು. ಎಷ್ಟು ಕ್ಷೇತ್ರಕ್ಕೊಮ್ಮೆ ಅದುರು ಬರುತ್ತದೆ ಎಂಬುದನ್ನು ಅಳೆದು, ಲೋಹದೊಳಗಿನ ಎಲೆಕ್ಟ್ರಾನ್ ಕೊಳದ ಆಕಾರವನ್ನೇ ನಕ್ಷೆಯಾಗಿ ಬರೆಯಬಹುದು. ಕಾಂತವು ಒರೆಗಲ್ಲೂ ಹೌದು, ಸರ್ವೇಯರನ ಸರಪಳಿಯೂ ಹೌದು.

ಆದರೆ ಒಂದು ಕಟ್ಟಳೆಯುಂಟು. ಎತ್ತು ಎಡವದೆ ಕಡಮೆಯೆಂದರೆ ಒಂದು ಸುತ್ತನ್ನಾದರೂ ಮುಗಿಸಬೇಕು. ಹರಳಿನಲ್ಲಿ ಕಲ್ಮಷವಿದ್ದರೆ ಎಡವುತ್ತದೆ. ಬಿಸಿಯಿದ್ದರೆ ಹೆಜ್ಜೆ ಕಲಕುತ್ತದೆ. ಕ್ಷೇತ್ರ ಬಲವಾದಷ್ಟೂ ಸುತ್ತು ಚಿಕ್ಕದು, ವೇಗ ಹೆಚ್ಚು, ಎಡವುವ ಅವಕಾಶ ಕಡಮೆ. ಶುದ್ಧ ಹರಳು, ಕಡು ಚಳಿ, ಭಾರೀ ಕಾಂತ ಈ ಮೂರೂ ಕೂಡಬೇಕು. ಈ ವಿದ್ಯೆಯ ಆಚಾರ್ಯನೆನಿಸಿದ ಕೇಂಬ್ರಿಜಿನ ಡೇವಿಡ್ ಶೋನ್‌ಬರ್ಗ್ 1953–54ರಲ್ಲಿ ಯುನೆಸ್ಕೋ ಸಲಹೆಗಾರನಾಗಿ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಗೆ ಬಂದಿದ್ದನು. ಆಗ ಅದರ ನಿರ್ದೇಶಕರು ಕೆ. ಎಸ್. ಕೃಷ್ಣನ್, ಸ್ಫಟಿಕಗಳ ಕಾಂತಗುಣವನ್ನು ಅಳೆಯುವುದರಲ್ಲಿ ಅವರೇ ಲೋಕವಿಖ್ಯಾತರು.

ಭಾರೀ ಕಾಂತವನ್ನು ಕಟ್ಟುವುದು ಸಾಹಸದ ಕಾರ್ಯ. ಶೋನ್‌ಬರ್ಗನ ಗುರು ಪೀಟರ್ ಕಪಿಟ್ಸಾ 1920ರ ದಶಕದಲ್ಲಿಯೇ ಕೇಂಬ್ರಿಜಿನಲ್ಲಿ ದೊಡ್ಡ ಡೈನಮೋವೊಂದನ್ನು ತಿರುಗಿಸಿ, ಅದರ ತುದಿಗಳನ್ನು ಸುರುಳಿಯೊಂದರ ಮೂಲಕ ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಕಾಲ ಕೂಡಿಸಿ, ಮೂವತ್ತು ಟೆಸ್ಲಾವನ್ನು ಮೀರಿದ ಕ್ಷೇತ್ರವನ್ನು ಪಡೆದಿದ್ದನು. ಯಂತ್ರವು ಅಷ್ಟು ಹಠಾತ್ತಾಗಿ ನಿಂತಾಗ ಕಟ್ಟಡವೇ ನಡುಗುವುದಷ್ಟೆ? ಕಪಿಟ್ಸಾ ಅದಕ್ಕೂ ಉಪಾಯ ಹೂಡಿದನು. ಅಳತೆಯ ಮೇಜನ್ನು ಇಪ್ಪತ್ತು ಮೀಟರ್ ದೂರವಿಟ್ಟನು. ನೆಲದೊಳಗಿನ ಕಂಪನವು ಅಷ್ಟು ದೂರ ಹರಿದು ಬರುವಷ್ಟರಲ್ಲಿ ಪ್ರಯೋಗ ಮುಗಿದು ಹೋಗಿರುತ್ತಿತ್ತು!

ಇಂದಿನ ವ್ಯವಸ್ಥೆ ಎರಡು ಬಗೆ. ಒಂದು, ಗಂಟೆಗಟ್ಟಲೆ ಸ್ಥಿರವಾಗಿ ನಿಲ್ಲುವ ಕ್ಷೇತ್ರ. ಅಮೆರಿಕದ ಟ್ಯಾಲಹಾಸಿಯಲ್ಲಿ ಅತಿವಾಹಕದ ಹೊರಸುರುಳಿ, ತಾಮ್ರದ ಒಳಸುರುಳಿ ಎರಡನ್ನೂ ಕೂಡಿಸಿದ ಯಂತ್ರವು 45 ಟೆಸ್ಲಾವನ್ನು ಕೊಡುತ್ತದೆ. ಚೀನದ ಹೆಫೇಯಲ್ಲಿ 2022ರ ಆಗಸ್ಟಿನಲ್ಲಿ 45.22 ಟೆಸ್ಲಾ ಪಡೆದರು. ಟ್ಯಾಲಹಾಸಿಯ ಯಂತ್ರವು ನಡೆಯುವಾಗ ಮೂವತ್ತು ಮೆಗಾವಾಟಿಗೂ ಮೀರಿದ ವಿದ್ಯುತ್ತನ್ನು ನುಂಗುತ್ತದೆ. ಕೊಡಿಗೇನಹಳ್ಳಿಯ ನೆರೆಯ ತಾಲ್ಲೂಕಾದ ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಯ ಮೇಲೆ ಹರಡಿ ನಿಂತ ಸೌರ ಉದ್ಯಾನದ ಪೂರ್ಣ ಶಕ್ತಿ 2050 ಮೆಗಾವಾಟು. ಹೆಬ್ಬೆರಳು ತೂರುವಷ್ಟು ಕಿರಿದಾದ ಕೊಳವೆಯೊಳಗೆ ಕ್ಷೇತ್ರವನ್ನು ನಿಲ್ಲಿಸಲು ಅದರ ಅರುವತ್ತರಲ್ಲೊಂದು ಪಾಲು ಬೇಕೆಂದರೆ ವಾಚಕರು ಊಹಿಸಿಕೊಳ್ಳಬಹುದು.

ಇನ್ನೊಂದು ಬಗೆ ಕಪಿಟ್ಸಾನ ದಾರಿ: ಕ್ಷಣಾರ್ಧದ ಸ್ಫೋಟ. ನ್ಯೂ ಮೆಕ್ಸಿಕೋದ ಲಾಸ್ ಅಲಾಮೋಸಿನಲ್ಲಿ 2012ರ ಮಾರ್ಚ್ 22ರಂದು ಸುರುಳಿ ಒಡೆಯದಂತೆ ನೂರು ಟೆಸ್ಲಾವನ್ನು ದಾಟಿದರು. ನೂರು ಟೆಸ್ಲಾದ ಕಾಂತವು ತನ್ನ ಸುರುಳಿಯನ್ನು ಹೊರಕ್ಕೆ ತಳ್ಳುವ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ನಲವತ್ತು ಸಾವಿರ ಕಿಲೋಗ್ರಾಮಿನಷ್ಟು. ಮಧುಗಿರಿಯ ಏಕಶಿಲೆಯ ಬೆಟ್ಟದಂಥ ಕಲ್ಲನ್ನು ಐದುನೂರು ಮೀಟರ್ ಎತ್ತರದ ಕಂಬವಾಗಿ ನಿಲ್ಲಿಸಿದರೂ ಅದರ ಬುಡದಲ್ಲಿ ಬೀಳುವ ಒತ್ತಡವು ಇದರ ಮುನ್ನೂರರಲ್ಲೊಂದು ಭಾಗ ಮಾತ್ರ. ಟೋಕಿಯೋದಲ್ಲಿ 2018ರಲ್ಲಿ ಸುರುಳಿ ಒಡೆದರೆ ಒಡೆಯಲಿ ಎಂದೇ ನಿಶ್ಚಯಿಸಿ 1200 ಟೆಸ್ಲಾದವರೆಗೆ ಏರಿಸಿದರು. ಕ್ಷೇತ್ರವು ಬಾಳಿದುದು ಸೆಕೆಂಡಿನ ಹತ್ತುಸಾವಿರದಲ್ಲೊಂದು ಭಾಗಕ್ಕೂ ಕಡಮೆ. ಪ್ರಯೋಗಪೆಟ್ಟಿಗೆಯ ಕಬ್ಬಿಣದ ಬಾಗಿಲು ಮಾತ್ರ ಸೊಟ್ಟಗಾಗಿ ಕಿತ್ತುಬಂದಿತು.

ಇಷ್ಟೆಲ್ಲ ಖರ್ಚು, ಗದ್ದಲ, ಬಾಗಿಲು ಮುರಿತಗಳಿಂದ ದೊರೆತುದೇನು ಎಂದು ಕೇಳುವುದು ಸಹಜ. ದೊರೆತುದರಲ್ಲಿ ಒಂದು, ಅಳತೆಯ ಮಾನದಂಡ. 1980ರ ಫೆಬ್ರವರಿ 4–5ರ ರಾತ್ರಿ ಫ್ರಾನ್ಸಿನ ಗ್ರೆನೋಬಲ್ ಕಾಂತಶಾಲೆಯಲ್ಲಿ ಜರ್ಮನಿಯ ಕ್ಲೌಸ್ ಫಾನ್ ಕ್ಲಿಟ್ಸಿಂಗ್ ತೆಳುಪದರದಲ್ಲಿ ಸೆರೆಸಿಕ್ಕ ಎಲೆಕ್ಟ್ರಾನುಗಳ ಮೇಲೆ ಭಾರೀ ಕ್ಷೇತ್ರವನ್ನು ಹೇರಿದಾಗ, ರೋಧವು ಇಳಿಜಾರಿನಂತೆ ಏರದೆ ಮೆಟ್ಟಿಲುಗಳಾಗಿ ಏರಿತು. ಮೊದಲ ಮೆಟ್ಟಿಲಿನ ಬೆಲೆ 25,812.8 ಓಮ್, ಯಾವ ದೇಶದ ಯಾವ ಚೂರಿನಲ್ಲಿ ಅಳೆದರೂ ಅಷ್ಟೇ. ಅದಕ್ಕಾಗಿ ಅವನಿಗೆ 1985ರಲ್ಲಿ ನೊಬೆಲ್ ಬಂದಿತು. ಅನಂತರ 1982ರಲ್ಲಿ ಇನ್ನೂ ಬಲವಾದ ಕ್ಷೇತ್ರದಲ್ಲಿ, ಎಲೆಕ್ಟ್ರಾನಿನ ಆವೇಶವೇ ಮೂರು ಪಾಲಾದಂತೆ ತೋರುವ ಭಿನ್ನಾಂಕದ ಮೆಟ್ಟಿಲುಗಳೂ ಕಂಡವು.

ಈ ಭಿನ್ನಾಂಕದ ಲೋಕದ ಒಂದು ಮುಖ್ಯ ಪರೀಕ್ಷೆ ಕೊಡಿಗೇನಹಳ್ಳಿಯಿಂದ ಕೆಲವು ಗಂಟೆಗಳ ಬಸ್ ಪ್ರಯಾಣದಷ್ಟೇ ದೂರದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಆ ಮರಗಳ ನೆರಳಿನ ಆವರಣದಲ್ಲಿ ಅನಿಂದ್ಯ ದಾಸ್ ಮತ್ತು ಸಂಗಡಿಗರು, ಒಂದೇ ಪರಮಾಣುವಿನ ದಪ್ಪವುಳ್ಳ ಇಂಗಾಲದ ಹಾಳೆಯಾದ ಗ್ರಾಫೀನನ್ನು ಪರಮಶೂನ್ಯದ ಹೊಸ್ತಿಲಿಗೆ ಒಯ್ದು, ಬಲವಾದ ಕಾಂತಕ್ಷೇತ್ರದಲ್ಲಿಟ್ಟು, ಅದರ ಅಂಚಿನಲ್ಲಿ ಹರಿಯುವ ವಿದ್ಯುತ್ತನ್ನಲ್ಲ, ಶಾಖವನ್ನು ಅಳೆದರು. ಅವರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ವಿದ್ಯುತ್ತಿನ ಲೆಕ್ಕದಲ್ಲಿ ಮೂರನೇ ಒಂದು ಭಾಗದ ಬೆಲೆಯುಳ್ಳ ಕಾಲುವೆಯು ಶಾಖದ ಲೆಕ್ಕದಲ್ಲಿ ಮಾತ್ರ ಪೂರ್ಣ ಕಾಲುವೆಯಷ್ಟೇ ಹೊರುತ್ತದೆ. ಪ್ರಕೃತಿಯು ಶಾಖದ ಹರಿವಿಗೆ ಭಿನ್ನಾಂಕವನ್ನು ಅಲ್ಲಿ ಒಪ್ಪುವುದಿಲ್ಲ. ಸಿದ್ಧಾಂತವು ಇದನ್ನು ಮೊದಲೇ ಹೇಳಿದ್ದಿತು. ಆದರೆ ಕೂದಲೆಳೆಗಿಂತ ಕಿರಿದಾದ ಚೂರಿನ ಅಂಚಿನಲ್ಲಿ ಹರಿಯುವ ಶಾಖವನ್ನು ಹಿಡಿದು ತೂಗುವುದು ಹೇಳಿದಷ್ಟು ಸುಲಭವಲ್ಲ.

ಅದೇ ಸಂಸ್ಥೆಯ ಇನ್ನೊಂದು ನೆನಪು 1987ರದು. ತಾಮ್ರದ ಆಕ್ಸೈಡುಗಳು ಹಿಂದೆಂದೂ ಕಾಣದ ತಾಪಮಾನಗಳಲ್ಲಿ ಅತಿವಾಹಕವಾಗುತ್ತವೆಂಬ ಸುದ್ದಿ ಹಬ್ಬಿ, ಲೋಕದ ಪ್ರಯೋಗಶಾಲೆಗಳಲ್ಲಿ ದೀಪ ಆರದಿದ್ದ ತಿಂಗಳುಗಳವು. ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವೂ ಇಟ್ರಿಯಮ್, ಬೇರಿಯಮ್, ತಾಮ್ರಗಳು ಕೂಡಿದ ಆ ಕರಿಯ ಪದಾರ್ಥವನ್ನು ಬೇಯಿಸಿ ಗುರುತಿಸಿದ ಮೊದಲಿಗರ ಸಾಲಿನಲ್ಲಿ ಸೇರಿತು. ಅದು ಅತಿವಾಹಕವಾಗುವುದು 93 ಕೆಲ್ವಿನ್‌ನಲ್ಲಿ. ಗುಣಾಕಾರ ಬಲ್ಲ ವಾಚಕರು 1.84ರ ಸೂತ್ರವನ್ನು ಹಚ್ಚಿದರೆ 171 ಟೆಸ್ಲಾ! ಆ ಅತಿವಾಹಕತೆಯ ಮುಸುಕನ್ನು ಸರಿಸಿ ಒಳಗಿನ ಎಲೆಕ್ಟ್ರಾನುಗಳನ್ನು ನೋಡಲು ಇಪ್ಪತ್ತು ವರ್ಷ ಹಿಡಿಯಿತು. 2007ರಲ್ಲಿ ಫ್ರಾನ್ಸಿನ ತುಲೂಸಿನಲ್ಲಿ 62 ಟೆಸ್ಲಾದವರೆಗೆ ಏರಿಸಿದಾಗ, ಅದೇ ಪದಾರ್ಥದ ಆಮ್ಲಜನಕ ಕಡಮೆಯಿರುವ, ಹಾಗಾಗಿ ದುರ್ಬಲವಾದ, ಹರಳಿನಲ್ಲಿ ಕಲ್ಯಾಣಿಯ ಮೆಟ್ಟಿಲುಗಳ ಅದುರು ಮೊದಲ ಬಾರಿಗೆ ಕೇಳಿಸಿತು. ಈಗ ಅದೇ ಪದಾರ್ಥದ ಪಟ್ಟಿಯನ್ನು ಸುತ್ತಿ 32 ಟೆಸ್ಲಾದ ಸಂಪೂರ್ಣ ಅತಿವಾಹಕ ಕಾಂತವನ್ನು ಟ್ಯಾಲಹಾಸಿಯಲ್ಲಿ ಕಟ್ಟಿದ್ದಾರೆ. ಓನ್ನೆಸನು ಕೇಳಿದುದು ಹತ್ತು ಮಾತ್ರ.

ಒರೆಗಲ್ಲೆಂದರೆ ಕಾಗೆಬಂಗಾರವನ್ನೂ ಹಿಡಿದುಕೊಡಬೇಕು. 2023ರ ಜುಲೈನಲ್ಲಿ ಕೊರಿಯದ ಕೆಲವರು ಸಾಧಾರಣ ಕೋಣೆಯ ಶಾಖದಲ್ಲಿಯೇ ಅತಿವಾಹಕವಾಗುವ ವಸ್ತುವನ್ನು ಕಂಡುಹಿಡಿದೆವೆಂದಾಗ ಪಾವಗಡದಿಂದ ಹೊರಡುವ ತಂತಿಗಳಲ್ಲಿ ಇನ್ನು ಒಂದು ಯೂನಿಟ್ಟೂ ಸೋರುವುದಿಲ್ಲವೆಂದು ಪತ್ರಿಕೆಗಳನ್ನು ಓದಿದ ಯಾರಾದರೂ ನಂಬುವಂತಿತ್ತು. ದಿಲ್ಲಿಯ ಅದೇ ರಾಷ್ಟ್ರೀಯ ಭೌತ ಪ್ರಯೋಗಶಾಲೆಯಲ್ಲಿ ಆ ವಸ್ತುವನ್ನು ತಯಾರಿಸಿ ಕಾಂತದೆದುರು ಹಿಡಿದರು. ಅತಿವಾಹಕವಾದರೆ ತೋರಬೇಕಾದ ಕ್ಷೇತ್ರನಿರಾಕರಣೆ ಕಾಣಲಿಲ್ಲ. ಕೆಲವೇ ವಾರಗಳಲ್ಲಿ ಲೋಕವೆಲ್ಲ ಅದನ್ನು ಕೈಬಿಟ್ಟಿತು.

ಬೆಳ್ಳೂರು ಚಂದ್ರಶೇಖರ್ ಮುಂದೆ ಕ್ಲೀವ್‌ಲೆಂಡ್ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆಮೇಲೆ ಜರ್ಮನಿಯ ಮ್ಯೂನಿಕ್ ಬಳಿಯ ಗಾರ್ಖಿಂಗ್‌ನಲ್ಲಿ, ಅತಿವಾಹಕಗಳು ಕಾಂತಕ್ಷೇತ್ರವನ್ನು ಹೊರದೂಡುತ್ತವೆಂದು ಕಂಡ ವಾಲ್ಟರ್ ಮೈಸ್‌ನರನ ಹೆಸರಿನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಲೋಹವೇಕೆ ಹೊಳೆಯುತ್ತದೆ, ಗಾಜಿನಾಚೆ ಏಕೆ ಕಾಣುತ್ತದೆ ಎಂಬಂಥ ಪ್ರಶ್ನೆಗಳನ್ನು ಸಾಮಾನ್ಯರಿಗಾಗಿ ಬಿಡಿಸಿದ ಇಂಗ್ಲಿಷ್ ಪುಸ್ತಕವೊಂದನ್ನು 1990ರ ದಶಕದ ಕೊನೆಯಲ್ಲಿ ಹೊರತಂದರು. ಅವರ ಎರಡು ಪುಟದ ಟಿಪ್ಪಣಿಗೆ ಇತ್ತೀಚಿನ ವರ್ಷಗಳಲ್ಲಿ ಬಂದ ಬೆಲೆ ವಿಚಿತ್ರವಾದುದು. ಎಲ್ಲೆಕಲ್ಲಿನ ಬೆಲೆ ಅದನ್ನು ಯಾರಾದರೂ ದಾಟಿದಾಗಲೇ ತಿಳಿಯುವುದಷ್ಟೆ.

2019ರಲ್ಲಿ ಯುರೇನಿಯಮ್ ಮತ್ತು ಟೆಲುರಿಯಮ್ ಕೂಡಿದ ಹರಳೊಂದು ಅತಿವಾಹಕವೆಂದು ಅಮೆರಿಕದಿಂದ ವರದಿ ಬಂದಿತು. ಅದು ಅತಿವಾಹಕವಾಗುವುದು ಸುಮಾರು 1.6 ಕೆಲ್ವಿನ್‌ನಲ್ಲಿ. ಸೂತ್ರವನ್ನು ಹಚ್ಚಿದರೆ ಎಲ್ಲೆಯು ಮೂರು ಟೆಸ್ಲಾ. ಆದರೆ ಹರಳನ್ನು ಒಂದು ಪಾರ್ಶ್ವಕ್ಕೆ ತಿರುಗಿಸಿಟ್ಟಾಗ ಅದು ಮೂವತ್ತೈದರ ಸಮೀಪದವರೆಗೂ ಸೋಲಲಿಲ್ಲ. ಇನ್ನೊಂದು ಓರೆಯಲ್ಲಿಟ್ಟಾಗ ಮೊದಲು ಸತ್ತಂತೆ ತೋರಿದ ಅತಿವಾಹಕತೆಯು ನಲವತ್ತು ಟೆಸ್ಲಾವನ್ನು ದಾಟಿದ ಮೇಲೆ ಮತ್ತೆ ಎದ್ದು ಕುಳಿತು, ಅರುವತ್ತನ್ನು ಮೀರಿ ಬದುಕಿತು. ಕಾಂತವು ಕೊಲ್ಲುವುದರ ಬದಲು ಹುಟ್ಟಿಸುತ್ತಿದೆ! ಇಲ್ಲಿ ಕೋಲಾಟದವರು ಎದುರುಬದುರಾಗಿ ನಿಂತಿಲ್ಲ, ಪಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ಕುಣಿಯುತ್ತಿರಬೇಕು. ಆದ್ದರಿಂದ ಪಟೇಲನ ಅಪ್ಪಣೆಯು ಅವರಿಗೆ ತಾಕುತ್ತಿಲ್ಲ ಎಂಬುದೇ ವಿಜ್ಞಾನಿಗಳಿಗೆ ದೊರೆತ ಮುಖ್ಯ ಸುಳಿವು. ಆ ಸುಳಿವು ಹುಟ್ಟಿದುದು ‘ಮೂರನ್ನು ದಾಟಕೂಡದು’ ಎಂದು 1962ರಲ್ಲಿಯೇ ಒಬ್ಬರು ಲೆಕ್ಕ ಹಾಕಿಟ್ಟಿದ್ದುದರಿಂದ.

ಇಂಥ ಲೇಖನಗಳ ರೇಖಾಚಿತ್ರಗಳಲ್ಲಿ ಆ ಎಲ್ಲೆಯನ್ನು ಚುಕ್ಕೆಗಳ ಗೆರೆಯಾಗಿ ಬರೆಯುವುದು ರೂಢಿ. ಅದರ ಪಕ್ಕದಲ್ಲಿ ಹಲವರು ಬರೆಯುವುದು ‘ಪೌಲಿ ಮಿತಿ’ ಎಂದು. ಎಲೆಕ್ಟ್ರಾನುಗಳ ಸೂಜಿಗಳು ಕ್ಷೇತ್ರದತ್ತ ತಿರುಗುವ ಬಗೆಯನ್ನು ಮೊದಲು ವಿವರಿಸಿದ ಪೌಲಿಗೆ ಆ ಗೌರವ ಸಲ್ಲಬೇಕಾದುದೇ. ಆದರೆ ಮಿತಿಯನ್ನು ಗಣಿಸಿದವನು ಆತನಲ್ಲ. ಇನ್ನು ಕೆಲವರು ‘ಕ್ಲಾಗ್‌ಸ್ಟನ್ ಮಿತಿ’ ಎಂದಷ್ಟೇ ಬರೆದು ಮುಂದೆ ಸಾಗುತ್ತಾರೆ. ಎರಡೂ ಹೆಸರುಗಳನ್ನು ಬರೆಯುವ ಶ್ರದ್ಧೆಯುಳ್ಳವರ ಚಿತ್ರಗಳಲ್ಲಿ ಮಾತ್ರ, ಮೂರು ಟೆಸ್ಲಾದ ಗುರುತಿನ ಬಳಿ, ಬೆಳ್ಳೂರು ಶಿವರಾಮಯ್ಯನವರ ಮಗನ ಹೆಸರು ಸಣ್ಣ ಅಕ್ಷರಗಳಲ್ಲಿ ಕಾಣುತ್ತದೆ.